ಇನ್ನೊಬ್ಬರ ಹೊತ್ತು

ವಾಚನಾಲಯದ ಹುಡುಗರು ಮನೆಗೆ ಬಂದು, "ಈ ಸಲದ ಪುಸ್ತಕಕ್ಕೆ ನೀವೂ ಒಂದು ಲೇಖನ ಕೊಡಬೇಕು" ಅಂದರು. "ಪದ ಹೇಳು ಅಂದ್ರೆ ಬೆಳಗಾಗೋ ತನಕ ಹೇಳ್ತೀನಿ. ಬರೆಯೋದು ನನ್ನ ಕೈಲಾಗಲ್ಲ ಕಣ್ರಪ್ಪಾ, ಓದಿರೋದು ಏಳನೇ ಕ್ಲಾಸು" ಅಂದೆ. "ನೀವು ಮಾತಾಡೋ ಹಾಗೇ ಬರೀರಿ ತಾತ" ಅಂದರು. ಅದಕ್ಕೆ ಬರೀತಿದೀನಿ. ತಪ್ಪಿದ್ದರೆ ಮೇಷ್ಟ್ರುಗಳು ತಿದ್ದಿಕೊಂಡು ಓದಬೇಕು.

ನಾನು ಬರೆಯೋಕೆ ಹೊರಟಿರೋದು ಮೀಟಿಂಗಿನ ವಿಷಯ. ಕಂಪ್ಯೂಟರಿನ ಕ್ಯಾಲೆಂಡರಿನಲ್ಲಿ ಮೀಟಿಂಗಿಗೆ ಎಷ್ಟು ಹೊತ್ತು ಇಡಬೇಕು ಅನ್ನೋದರ ವಿಷಯ. ನಗಬೇಡಿ. ರತ್ನಗಿರಿಯಲ್ಲಿ ಕಡ್ಲೇಕಾಯಿ ಕಿತ್ತು, ರೇಷ್ಮೆಗೆ ಸೊಪ್ಪು ಹಾಕೋನಿಗೆ ಇದೆಲ್ಲಾ ಯಾಕೆ ಅಂತ ನನಗೂ ಅನ್ನಿಸಿತ್ತು. ಆದರೆ ಈ ವಿಷಯ ನಮ್ಮ ಮನೆ ಬಾಗಿಲಿಗೆ ಬಂದಿದ್ದು ಹೀಗೆ.

ಹೋದ ವರ್ಷದ ಹಿಂದಿನ ಶ್ರಾವಣದಲ್ಲಿ ನಮ್ಮ ಮನೆಯವಳು ಹಿತ್ತಲ ತೊಟ್ಟಿ ಹತ್ತಿರ ಪಾಚಿ ಕಟ್ಟಿದ ಚಪ್ಪಡಿ ಮೇಲೆ ಜಾರಿ ಬಿದ್ದಳು. ಮಧ್ಯಾಹ್ನ ಎರಡು ಗಂಟೆ ಇರಬಹುದು. ಸೊಂಟ ಹಿಡಿದುಕೊಂಡು ಏಳೋಕಾಗಲಿಲ್ಲ. ಪಕ್ಕದ ಮನೆಯವರ ಗಾಡಿಯಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೊರಟೆವು. ಮಗಳು ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ದಾರಿಯಲ್ಲಿ ಫೋನ್ ಮಾಡಿದೆ, ಕಟ್ ಆಯಿತು. ಮತ್ತೆ ಮಾಡಿದೆ, ಮತ್ತೆ ಕಟ್. ಒಟ್ಟು ಏಳು ಸಲ ಮಾಡಿದೆ. ಅವಳ ಫೋನ್ ಬಂದಿದ್ದು ಸಂಜೆ ಐದೂ ಕಾಲಿಗೆ. ಅಷ್ಟರಲ್ಲಿ ಎಕ್ಸ್‌ರೇ ಆಗಿ, ಮೂಳೆ ಬಿರುಕು ಬಿಟ್ಟಿದೆ ಅಂತ ಗೊತ್ತಾಗಿ, ಆಪರೇಷನ್ ಮಾಡಿಸ್ತೀರಾ ಇಲ್ಲವಾ ಅಂತ ನನ್ನನ್ನೇ ಕೇಳಿ, ನಾನು ತಿಳಿಯದೆ ತಲೆ ಅಲ್ಲಾಡಿಸಿ ಒಂದು ಕಾಗದಕ್ಕೆ ರುಜು ಹಾಕಿದ್ದೂ ಆಗಿತ್ತು. ದೇವರ ದಯೆ, ಎಲ್ಲಾ ಸರಿಹೋಯಿತು. ಆದರೆ ಆ ಮೂರು ಗಂಟೆ ನಾನು ಆ ಬೆಂಚಿನ ಮೇಲೆ ಕೂತಿದ್ದು ನನಗೆ ಮರೆಯೋದಿಲ್ಲ.

ಮಗಳು ಆ ರಾತ್ರಿಯೇ ಬಂದಳು. ಅಮ್ಮನ ಕಾಲ ಹತ್ತಿರ ಕೂತು ಅತ್ತಳು. ಆಮೇಲೆ ಹೇಳಿದಳು. "ಎರಡರಿಂದ ಮೂರು ಒಂದು ಮೀಟಿಂಗು, ಮೂರರಿಂದ ನಾಲ್ಕು ಇನ್ನೊಂದು, ನಾಲ್ಕರಿಂದ ಐದು ಮತ್ತೊಂದು. ನಡುವೆ ಒಂದು ನಿಮಿಷ ಇರಲಿಲ್ಲಪ್ಪಾ. ಆಫೀಸಿನವರೇ ಯಾರೋ ಫೋನ್ ಮಾಡ್ತಿದ್ದಾರೆ ಅಂತ ನೋಡದೇ ಕಟ್ ಮಾಡಿಬಿಟ್ಟೆ. ನಿಜ ಹೇಳಬೇಕು ಅಂದ್ರೆ ಮೂರು ಗಂಟೆ ಮೀಟಿಂಗು ಇಪ್ಪತ್ತು ನಿಮಿಷಕ್ಕೇ ಮುಗಿದಿತ್ತು. ಉಳಿದದ್ದೆಲ್ಲಾ ಸುಮ್ಮನೆ ಮಾತು."

"ಮುಗಿದ ಮೇಲೆ ಏಳಬಹುದಿತ್ತಲ್ಲಮ್ಮಾ?"

"ಒಂದು ಗಂಟೆ ಅಂತ ಇತ್ತು ಕಣಪ್ಪಾ."

ಈ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಒಂದು ಗಂಟೆ ಅಂತ ಇತ್ತು. ಇಟ್ಟವರು ಯಾರು?

ಅಮ್ಮನ ಆರೈಕೆಗೆ ಅವಳು ಹದಿನೈದು ದಿನ ಊರಲ್ಲೇ ಇದ್ದಳು. ಒಂದು ರಾತ್ರಿ ಜಗಲಿ ಮೇಲೆ ಲ್ಯಾಪ್‌ಟಾಪ್ ತೆಗೆದು ನನಗೆ ತೋರಿಸಿದಳು. ಲೆಕ್ಕದ ಪುಸ್ತಕದ ಹಾಳೆ ಥರ ಗೆರೆ ಎಳೆದಿರುತ್ತೆ. ಒಂದೊಂದು ಗೆರೆ ಒಂದೊಂದು ಗಂಟೆ. ಮೀಟಿಂಗ್ ಕರೀಬೇಕಾದ್ರೆ ಬೇಕಾದ ಕಡೆ ಬೆರಳಿಟ್ಟರೆ ಸಾಕು, ಅಲ್ಲಿ ಒಂದು ಚೌಕ ಬಂದು ಕೂರುತ್ತೆ. ಗೂಗಲ್ ಕ್ಯಾಲೆಂಡರಿನಲ್ಲಿ ನಾವೇನೂ ಹೇಳದಿದ್ದರೆ ಆ ಚೌಕ ಒಂದು ಗಂಟೆಯದು. ಔಟ್‌ಲುಕ್ ಅಂತ ಇನ್ನೊಂದಿದೆ, ಅದರಲ್ಲಿ ಅರ್ಧ ಗಂಟೆ. ಇದಕ್ಕೆ ಅವರು ಡೀಫಾಲ್ಟ್ ಅಂತಾರೆ. ಅಂದ್ರೆ, ನೀನು ಯೋಚನೆ ಮಾಡದೆ ಬಿಟ್ಟರೆ ಅದೇ ಇಟ್ಟುಕೊಳ್ಳೋದು.

"ಈ ವಿಷಯ ಮಾತಾಡೋಕೆ ಒಂದು ಗಂಟೆ ಬೇಕು ಅಂತ ಅದಕ್ಕೆ ಹೆಂಗೆ ಗೊತ್ತು?" ಅಂತ ಕೇಳಿದೆ. ನಕ್ಕಳು. "ಅದಕ್ಕೆ ಗೊತ್ತಿಲ್ಲಪ್ಪಾ. ನಮಗೂ ಗೊತ್ತಿಲ್ಲ. ಅದಕ್ಕೇ ಹಾಗೆ ಬಿಟ್ಟಿರ್ತೀವಿ" ಅಂದಳು.

ಆಗ ನನಗೆ ನೆನಪಾದದ್ದು ನಮ್ಮ ಬೋರ್‌ವೆಲ್ ಮೋಟರಿನ ಆಟೋ ಸ್ಟಾರ್ಟರ್. ಬೇಸಾಯ ಮಾಡೋರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕರೆಂಟ್ ಬಂದ ತಕ್ಷಣ ಮೋಟರ್ ತಾನೇ ಶುರುವಾಗುತ್ತೆ. ಹೊಲಕ್ಕೆ ನೀರು ಬೇಕೋ ಬೇಡವೋ ಅದು ಕೇಳೋದಿಲ್ಲ. ಪಾತಿ ತುಂಬಿ, ಬದು ಒಡೆದು, ನೀರು ರಸ್ತೆಗೆ ಹರಿದರೂ ಕರೆಂಟ್ ಹೋಗೋ ತನಕ ಓಡ್ತಾನೇ ಇರುತ್ತೆ. ರೈತ ಮಾತ್ರ ಮನೇಲಿ ಹಾಯಾಗಿ ಮಲಗಿರ್ತಾನೆ. ನಮ್ಮ ಕಡೆ ಬೋರ್‌ವೆಲ್‌ಗಳು ಯಾಕೆ ಬತ್ತಿದವು ಅಂದ್ರೆ ಕಾರಣ ಹತ್ತಿವೆ. ಅದರಲ್ಲಿ ಇದೂ ಒಂದು. ಮೋಟರಿನ ತಪ್ಪಲ್ಲ, ಕರೆಂಟಿನ ತಪ್ಪಲ್ಲ. ಎದ್ದು ಹೋಗಿ ನೋಡದವನ ತಪ್ಪು. ಮಗಳ ಮೀಟಿಂಗೂ ಹಾಗೇ ಆಗಿತ್ತು. ವಿಷಯ ಇಪ್ಪತ್ತು ನಿಮಿಷಕ್ಕೇ ತುಂಬಿ ಹೋಗಿತ್ತು, ಉಳಿದ ನಲವತ್ತು ನಿಮಿಷ ನೀರು ರಸ್ತೆ ಮೇಲೆ ಹರೀತಿತ್ತು.

ಇದನ್ನ ನಮ್ಮೂರಿನ ಒಬ್ಬ ಮೇಷ್ಟ್ರ ಹತ್ತಿರ ಹೇಳಿದಾಗ ಅವರು ಒಂದು ಮಾತು ತಿಳಿಸಿದರು. ಇಂಗ್ಲೆಂಡಿನ ಪಾರ್ಕಿನ್ಸನ್ ಅನ್ನೋರು 1955ರಲ್ಲೇ ಒಂದು ಪತ್ರಿಕೆಯಲ್ಲಿ ಬರೆದಿದ್ದರಂತೆ, ಒಂದು ಕೆಲಸಕ್ಕೆ ಎಷ್ಟು ಹೊತ್ತು ಕೊಡ್ತೀವೋ ಅಷ್ಟು ಹೊತ್ತಿಗೂ ಆ ಕೆಲಸ ಹಿಗ್ಗಿಕೊಳ್ಳುತ್ತೆ ಅಂತ. ಬರೆದದ್ದು ಸರ್ಕಾರಿ ಆಫೀಸುಗಳನ್ನ ಗೇಲಿ ಮಾಡೋಕೆ, ಆದರೆ ಅದು ಎಲ್ಲರಿಗೂ ಹೊಂದುತ್ತೆ. ಮದುವೆ ಮಾತುಕತೆಗೆ ಬೀಗರು ಬೆಳಿಗ್ಗೆ ಬಂದರೂ ಮಾತು ಮುಗಿಯೋದು ಸಂಜೆಗೇ, ಮಧ್ಯಾಹ್ನ ಬಂದರೂ ಸಂಜೆಗೇ. ನಾವು ಇದನ್ನ ಎಷ್ಟು ಸಲ ನೋಡಿಲ್ಲ?

ಮಗಳು ಆ ರಾತ್ರಿ ನನ್ನ ಎದುರಿಗೇ ಸೆಟ್ಟಿಂಗ್ಸ್ ಒಳಗೆ ಹೋಗಿ ಅದನ್ನ ಬದಲಾಯಿಸಿದಳು. ಗೂಗಲ್ ಕ್ಯಾಲೆಂಡರಿನಲ್ಲಿ ಸ್ಪೀಡಿ ಮೀಟಿಂಗ್ಸ್ ಅಂತ ಒಂದು ಚಿಕ್ಕ ಚೌಕ ಇದೆ. ಅದಕ್ಕೆ ಗುರುತು ಹಾಕಿದರೆ ಅರ್ಧ ಗಂಟೆ ಮೀಟಿಂಗು 25 ನಿಮಿಷ ಆಗುತ್ತೆ, ಒಂದು ಗಂಟೆಯದು 50 ನಿಮಿಷ ಆಗುತ್ತೆ. ಔಟ್‌ಲುಕ್‌ನಲ್ಲಿ ಇನ್ನೊಂದು ಅನುಕೂಲ ಇದೆಯಂತೆ. ಹೊತ್ತು ಕಮ್ಮಿ ಮಾಡುವಾಗ ಬೇಗ ಮುಗಿಸೋದಾ, ತಡವಾಗಿ ಶುರು ಮಾಡೋದಾ ಅಂತ ಅದೇ ಕೇಳುತ್ತೆ. ಇದು ನನಗೆ ಹಿಡಿಸಿತು. ಮುಂಚೆ ಎಲ್ಲೋ ಇದ್ದವರು ಉಸಿರು ತಗೊಂಡು, ನೀರು ಕುಡಿದು ಬರಲಿ ಅಂತ ಐದು ನಿಮಿಷ ಕಾಯೋದು ದೊಡ್ಡ ಗುಣ.

ಆ ಅಂಕಿಗಳನ್ನ ನೋಡಿ ನನಗೆ ನಮ್ಮ ಹಳೇ ಲೆಕ್ಕ ನೆನಪಾಯಿತು. ಹಗಲು ರಾತ್ರಿ ಸೇರಿ 60 ಗಳಿಗೆ. ಒಂದು ಗಳಿಗೆ ಅಂದ್ರೆ 24 ನಿಮಿಷ. ಎರಡು ಗಳಿಗೆ ಸೇರಿದರೆ ಒಂದು ಮುಹೂರ್ತ, 48 ನಿಮಿಷ. ಅವರದ್ದು 25 ಮತ್ತು 50. ಹೆಚ್ಚು ಕಮ್ಮಿ ಅಷ್ಟೇ ಆಯಿತಲ್ಲ! ಹಾಗಂತ ನಮ್ಮ ಹಿರಿಯರು ಎಲ್ಲಾ ಮೊದಲೇ ಕಂಡುಕೊಂಡಿದ್ದರು ಅಂತ ನಾನು ಎದೆ ತಟ್ಟಿಕೊಳ್ಳೋಕೆ ಹೋಗಲ್ಲ. ಅವರ ಲೆಕ್ಕ ಬೇರೆ, ಇವರ ಲೆಕ್ಕ ಬೇರೆ, ಹತ್ತಿರ ಬಂದು ಕೂತಿವೆ ಅಷ್ಟೆ. ನಾನು ಹೇಳೋಕೆ ಬಂದದ್ದು ಗಳಿಗೆ ಬಟ್ಟಲಿನ ವಿಷಯ. ಹಿಂದೆ ಮದುವೆ ಮುಹೂರ್ತಕ್ಕೆ ತಳದಲ್ಲಿ ಸಣ್ಣ ತೂತಿರೋ ಬಟ್ಟಲನ್ನ ನೀರಿನ ಮೇಲೆ ತೇಲಿಬಿಡ್ತಿದ್ದರು. ನೀರು ತುಂಬಿ ಬಟ್ಟಲು ಮುಳುಗಿದರೆ ಒಂದು ಗಳಿಗೆ. ಮತ್ತೆ ಎತ್ತಿ, ನೀರು ಚೆಲ್ಲಿ, ತಿರುಗಿ ಬಿಡಬೇಕು. ಅಲ್ಲಿ ಒಬ್ಬ ಮನುಷ್ಯ ಕಣ್ಣಿಟ್ಟುಕೊಂಡು ಕೂತಿರ್ತಿದ್ದ. ಹೊತ್ತನ್ನ ನೋಡಿಕೊಳ್ಳೋನು ಒಬ್ಬ ಇರ್ತಿದ್ದ. ಈಗಿನ ಚೌಕಕ್ಕೆ ಅಂಥವನು ಯಾರೂ ಇಲ್ಲ.

ನಡುವೆ ಹತ್ತು ನಿಮಿಷ ಬಿಡುವು ಸಿಕ್ಕರೆ ಏನು ದೊಡ್ಡ ಲಾಭ ಅಂತ ಕೇಳಬಹುದು. ಮೈಕ್ರೋಸಾಫ್ಟ್ ಕಂಪನಿಯವರು ಇದನ್ನ ಪರೀಕ್ಷೆ ಮಾಡಿ 2021ರಲ್ಲಿ ಹೇಳಿದ್ದಾರೆ. 14 ಜನರ ತಲೆಗೆ ಮಿದುಳಿನ ಅಲೆ ಅಳೆಯೋ ಟೋಪಿ ಹಾಕಿದರು. ಒಂದು ದಿನ ಅರ್ಧ ಗಂಟೆಯ ನಾಲ್ಕು ಮೀಟಿಂಗು ಒಂದರ ಹಿಂದೆ ಒಂದು. ಇನ್ನೊಂದು ದಿನ ಅಂಥವೇ ನಾಲ್ಕು, ಆದರೆ ನಡುನಡುವೆ ಹತ್ತು ನಿಮಿಷ ಬಿಡುವು. ಬಿಡುವಿಲ್ಲದ ದಿನ ತಲೆಯ ಒತ್ತಡ ಏರ್ತಾ ಹೋಯಿತು, ಬಿಡುವಿದ್ದ ದಿನ ಏರಲಿಲ್ಲ. ಹದಿನಾಲ್ಕು ಜನ ಅಂದ್ರೆ ನಮ್ಮ ಒಂದು ಭಜನೆ ತಂಡದಷ್ಟು, ಬಹಳ ಜನ ಏನಲ್ಲ. ಆದರೂ ನಾನು ನಂಬ್ತೀನಿ. ಯಾಕಂದ್ರೆ ರೇಷ್ಮೆ ಹುಳು ಸಾಕಿದವರಿಗೆ ಇದು ಗೊತ್ತಿರೋ ವಿಷಯವೇ. ಹುಳು ಗೂಡು ಕಟ್ಟೋದರೊಳಗೆ ನಾಲ್ಕು ಸಲ ಜ್ವರಕ್ಕೆ ಕೂರುತ್ತೆ. ಆಗ ಸೊಪ್ಪು ತಿನ್ನಲ್ಲ, ಅಲ್ಲಾಡಲ್ಲ, ತಲೆ ಎತ್ತಿಕೊಂಡು ಸುಮ್ಮನೆ ಇರುತ್ತೆ. ಹಳೇ ಚರ್ಮ ಬಿಟ್ಟು ಹೊಸ ಚರ್ಮ ತಗೊಳ್ಳೋದು ಆಗಲೇ. ಆಗ ಸೊಪ್ಪು ಹಾಕಬಾರದು, ಮುಟ್ಟಬಾರದು. ಕೆಲಸ ನಿಂತಿದೆ ಅಂತ ಕಂಡರೂ ಬೆಳವಣಿಗೆ ಆಗೋದು ಆ ಹೊತ್ತಿನಲ್ಲೇ. ಹುಳಕ್ಕೆ ಕೊಡೋ ಮರ್ಯಾದೆ ಮನುಷ್ಯರಿಗೆ ಬೇಡವಾ?

ಇದು ಬರೀ ಸುಸ್ತಿನ ಪ್ರಶ್ನೆ ಅಲ್ಲ, ನ್ಯಾಯದ ಪ್ರಶ್ನೆ ಅಂತ ನನಗೆ ಅನ್ನಿಸಿದ್ದು ಲೆಕ್ಕ ಹಾಕಿದಾಗ. ಎಂಟು ಜನರನ್ನ ಒಂದು ಗಂಟೆ ಕೂರಿಸಿದರೆ ಹೋಗೋದು ಒಂದು ಗಂಟೆ ಅಲ್ಲ, ಎಂಟು ಗಂಟೆ. ಒಂದು ಆಳಿನ ಪೂರಾ ಒಂದು ದಿನ. ನನ್ನ ಹೊಲಕ್ಕೆ ಒಂದು ಆಳನ್ನ ಕರೆದು, ಕೆಲಸ ಕೊಡದೆ, ಸಂಜೆ ತನಕ ಬದುವಿನ ಮೇಲೆ ಕೂರಿಸಿದರೆ ಊರು ನನ್ನನ್ನ ಏನನ್ನುತ್ತೆ? ಕೂಲಿ ಕೊಟ್ಟರೂ ತಲೆ ಕೆಟ್ಟಿದೆ ಅನ್ನುತ್ತೆ. ಕೂಲಿ ಕೊಡದಿದ್ದರೆ ಮೋಸ ಅನ್ನುತ್ತೆ. ಹಣ ಬೇಕಾದ್ರೆ ಕೈಬದಲು ಕೇಳ್ತೀವಿ, ಯಾವಾಗ ತೀರಿಸ್ತೀನಿ ಅಂತ ಹೇಳ್ತೀವಿ. ಇನ್ನೊಬ್ಬರ ಹೊತ್ತನ್ನ ಮಾತ್ರ ಕೇಳದೇ ತಗೋತೀವಿ, ತೀರಿಸೋ ಮಾತೇ ಇಲ್ಲ. ತೀರಿಸೋಕೂ ಬರಲ್ಲ. ಆ ಬೆಂಚಿನ ಮೇಲಿನ ಮೂರು ಗಂಟೆ ನನಗೆ ಯಾರು ವಾಪಸು ಕೊಡ್ತಾರೆ?

ಹಾಗಾದ್ರೆ ಎಲ್ಲವನ್ನೂ ಚಿಕ್ಕದು ಮಾಡಿಬಿಟ್ಟರೆ ಸರಿಹೋಯಿತಾ? ಇಲ್ಲಿ ನಾನು ನನ್ನ ತಪ್ಪು ಒಂದನ್ನ ಹೇಳಬೇಕು. ಇದನ್ನ ಬರೆಯದೆ ಬಿಟ್ಟರೆ ಈ ಲೇಖನ ಸುಳ್ಳಾಗುತ್ತೆ.

ಇಪ್ಪತ್ತು ವರ್ಷದ ಹಿಂದೆ ಒಂದು ದಾರಿ ತಕರಾರಿಗೆ ನಾಲ್ಕು ಜನ ಹಿರಿಯರ ಜೊತೆ ನನ್ನನ್ನೂ ಕೂರಿಸಿದ್ದರು. ಅಣ್ಣತಮ್ಮಂದಿರ ಹೊಲ. ಹಿಂದಿನ ಹೊಲಕ್ಕೆ ಗಾಡಿ ಹೋಗೋಕೆ ಯಾರ ಅಂಚಿನಲ್ಲಿ ದಾರಿ ಬಿಡಬೇಕು ಅಂತ ಜಗಳ. ಅವತ್ತು ಸಂಜೆ ನಾನು ಬೇರೆ ಊರಿಗೆ ಪದ ಹೇಳೋಕೆ ಹೋಗಬೇಕಿತ್ತು. ಅದಕ್ಕೆ ಕೂರುವಾಗಲೇ, "ಐದು ಗಂಟೆಗೆ ಏಳೋಣ, ಅಷ್ಟರಲ್ಲಿ ಮುಗಿಸಿ" ಅಂದೆ. ಎಲ್ಲರೂ ಒಪ್ಪಿದರು. ಬಾಯಿ ಇದ್ದವರು ಮಾತಾಡಿದರು, ಗಂಟಲು ಇದ್ದವರು ಕೂಗಿದರು. ತೀರಿಹೋದ ಒಬ್ಬ ತಮ್ಮನ ಹೆಂಡತಿ ಕಂಬದ ಪಕ್ಕ ಕೂತಿದ್ದಳು. ಸೆರಗು ಸರಿ ಮಾಡಿಕೊಂಡು ಎರಡು ಸಲ ಮುಂದಕ್ಕೆ ಬಗ್ಗಿದಳು, ಎರಡು ಸಲವೂ ಯಾರೋ ಮಾತು ತೆಗೆದರು. ನಾನು ನೋಡಿದೆ. ನೋಡಿಯೂ ಸುಮ್ಮನಿದ್ದೆ. ಐದು ಗಂಟೆಗೆ ಎದ್ದೆವು. ದಾರಿ ಅವಳ ಅಂಚಿನಲ್ಲೇ ಹೋಯಿತು, ಎರಡು ಹುಣಸೆ ಮರ ಸಮೇತ.

ವರ್ಷ ಕಳೆದ ಮೇಲೆ ಜಾತ್ರೆಯಲ್ಲಿ ಸಿಕ್ಕಳು. "ಯಾಕಮ್ಮಾ ಅವತ್ತು ಏನೂ ಮಾತಾಡಲಿಲ್ಲ?" ಅಂತ ಕೇಳಿದೆ. ಹಾಗೆ ಕೇಳೋಕೆ ನನಗೆ ಯಾವ ಮುಖ ಇತ್ತೋ! "ಮಾತಾಡೋಕೇ ಬಂದಿದ್ದೆ ಮಾವಾ. ನಿಮಗೆ ಹೊತ್ತಾಗಿತ್ತು" ಅಂದಳು. ಕೋಪದಿಂದ ಹೇಳಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

ಅಂದ್ರೆ ಗಡಿಯಾರ ಇಟ್ಟು ಕಮ್ಮಿ ಹೊತ್ತು ಮಾಡಿದರೆ ಮೊದಲು ಬಾಯಿ ಕಟ್ಟಿಹೋಗೋದು ಕಂಬದ ಪಕ್ಕ ಕೂತವರದ್ದು. ಜೋರು ಮಾತಿನವರು ಹತ್ತು ನಿಮಿಷ ಕೊಟ್ಟರೂ ಹೇಳ್ತಾರೆ, ಹತ್ತು ಗಂಟೆ ಕೊಟ್ಟರೂ ಹೇಳ್ತಾರೆ. ಮೆತ್ತಗಿನವರಿಗೆ ಬಾಯಿ ಬಿಡೋಕೇ ಸ್ವಲ್ಪ ಹೊತ್ತು ಬೇಕು.

ನನ್ನ ಹಾಡಿನಲ್ಲೂ ಇದನ್ನ ಕಂಡಿದೀನಿ. ಮೂಡಲಪಾಯ ಆಟ ಅಂದ್ರೆ ರಾತ್ರಿ ಊಟ ಆದ ಮೇಲೆ ಶುರುವಾಗಿ ಬೆಳಕು ಹರಿಯೋ ತನಕ. ನಾನು ಹಿಮ್ಮೇಳದಲ್ಲಿ ಹಾಡಿದವನು. ಈಗ ಉತ್ಸವಗಳಿಗೆ ಕರೆದರೆ "ಇಪ್ಪತ್ತು ನಿಮಿಷ" ಅಂತಾರೆ. ಮೊದಮೊದಲು ಬೈಕೊಂಡೆ. ಆಮೇಲೆ ಕೂತು ಕಡಿಮೆ ಮಾಡುವಾಗ ಒಂದು ಸತ್ಯ ಗೊತ್ತಾಯಿತು. ನಾನು ರಾಗ ಎಳೀತಿದ್ದದ್ದರಲ್ಲಿ ಅರ್ಧ ಕಥೆಗೆ ಬೇಕಾಗಿರಲಿಲ್ಲ, ನನ್ನ ಗಂಟಲು ತೋರಿಸೋಕೆ ಬೇಕಾಗಿತ್ತು. ಅದು ಹೋದದ್ದು ಒಳ್ಳೇದೇ. ಆದರೆ ಅದರ ಜೊತೆಗೆ ತಾಯಿ ಮಗನನ್ನ ಕಳೆದುಕೊಂಡು ಅಳೋ ಜಾಗವೂ ಹೋಯಿತು. ಅದನ್ನ ಎರಡು ನಿಮಿಷಕ್ಕೆ ಹಾಡೋಕೆ ಬರಲ್ಲ. ಎರಡು ನಿಮಿಷಕ್ಕೆ ಹಾಡಿದರೆ ಯಾರೂ ಅಳಲ್ಲ.

ಇದೆಲ್ಲಾ ನೋಡಿ ನನಗೆ ತಿಳಿದದ್ದು ಇಷ್ಟು. ಹೊತ್ತು ಉದ್ದ ಇರೋದು ತಪ್ಪಲ್ಲ, ಗಿಡ್ಡ ಇರೋದು ಪುಣ್ಯ ಅಲ್ಲ. ಯಾರೂ ಯೋಚನೆ ಮಾಡದೆ ಬಿಟ್ಟ ಹೊತ್ತು ತಪ್ಪು. ಮಗಳ ಮೀಟಿಂಗಿಗೆ ಒಂದು ಗಂಟೆ ಇಟ್ಟದ್ದು ಯಂತ್ರ. ಆ ಪಂಚಾಯ್ತಿಗೆ ಐದು ಗಂಟೆ ಅಂತ ಇಟ್ಟದ್ದು ನನ್ನ ಅವಸರ. ಎರಡು ಕಡೆಯೂ ಯಾರೊಬ್ಬರೂ "ಈ ವಿಷಯಕ್ಕೆ ಎಷ್ಟು ಬೇಕು, ಇಲ್ಲಿ ಯಾರ್ಯಾರು ಮಾತಾಡಬೇಕು" ಅಂತ ಕೇಳಲಿಲ್ಲ. ಸುದ್ದಿ ತಿಳಿಸೋ ಸಭೆ ಆದರೆ ಹದಿನೈದು ನಿಮಿಷ ಸಾಕು, ಕಾಗದ ಅಂಟಿಸಿದರೆ ಅದೂ ಬೇಡ. ಒಬ್ಬರ ಹೊಲ, ಒಬ್ಬರ ಕೆಲಸ, ಒಬ್ಬರ ಮಾನ ತೀರ್ಮಾನ ಆಗೋ ಸಭೆಯಾದರೆ ಕೊನೆಯವರು ಮಾತಾಡೋ ತನಕ ಕೂರಬೇಕು. ಸಾವಿನ ಮನೆಗೆ ಹೋದಾಗ ಗಡಿಯಾರ ನೋಡೋದೇ ಪಾಪ.

ಸೆಟ್ಟಿಂಗ್ ಬದಲಾಯಿಸಿದ ಮೇಲೆ ಏನಾಯಿತು ಅಂತ ಮಗಳನ್ನ ಕೇಳಿದೆ. "ಮೊದಲನೇ ವಾರ ಏನೂ ಆಗಲಿಲ್ಲಪ್ಪಾ" ಅಂದಳು. ಚೌಕದಲ್ಲಿ 50 ನಿಮಿಷ ಅಂತ ಇತ್ತು, ಜನ 60 ನಿಮಿಷವೂ ಕೂತಿದ್ದರು. ಹತ್ತು ನಿಮಿಷ ಉಳಿದಿದೆಯಲ್ಲ ಅಂತ ಅದನ್ನೂ ಮಾತಾಡಿ ಖಾಲಿ ಮಾಡಿದರು. ಆಮೇಲೆ ಇವಳೇ ಒಂದು ಪದ್ಧತಿ ಮಾಡಿಕೊಂಡಳು. ಇವಳು ಕರೆದ ಮೀಟಿಂಗಿನಲ್ಲಿ ನಲವತ್ತನೇ ನಿಮಿಷಕ್ಕೆ "ಇನ್ನೂ ಮಾತಾಡದವರು ಯಾರು?" ಅಂತ ಹೆಸರು ಹಿಡಿದು ಕೇಳೋದು. ಐವತ್ತಕ್ಕೆ "ನನ್ನ ಕೆಲಸ ಮುಗೀತು, ಎಲ್ಲರೂ ಹೊರಡಿ" ಅನ್ನೋದು. ಇಪ್ಪತ್ತಕ್ಕೇ ಮುಗಿದರೆ ಇಪ್ಪತ್ತಕ್ಕೇ ಹೊರಡೋದು. "ನಾನು ಹೇಳದಿದ್ದರೆ ಕೆಳಗಿನವರು ಏಳೋಕೆ ಹೆದರ್ತಾರೆ" ಅಂದಳು. ಇದು ನಿಜ. ಜಮೀನ್ದಾರನ ಜಗಲಿ ಮೇಲೆ ಕೂತ ಆಳು ತಾನಾಗಿ ಎದ್ದು ಹೋಗೋಕಾಗುತ್ತಾ? ಕರೆದವನೇ ಬಿಡಿಸಬೇಕು. ಸೆಟ್ಟಿಂಗು ಬದುವನ್ನ ಸ್ವಲ್ಪ ಹತ್ತಿರಕ್ಕೆ ತಂದಿಡುತ್ತೆ ಅಷ್ಟೆ. ಮೋಟರ್ ಆರಿಸೋಕೆ ಒಬ್ಬ ಎದ್ದು ಹೋಗಲೇಬೇಕು.

ಇದನ್ನ ಓದೋ ಮೇಷ್ಟ್ರುಗಳಿಗೆ ಒಂದು ವಿನಂತಿ. ನಮ್ಮಂಥ ಊರುಗಳಲ್ಲಿ ಶಾಲೆಗೆ ಪೋಷಕರ ಸಭೆ ಕರೆದರೆ ಬೆಳಿಗ್ಗೆ ಹತ್ತಕ್ಕೆ ಕರೀತಾರೆ. ಬಂದ ತಾಯಂದಿರಲ್ಲಿ ಕೂಲಿಗೆ ಹೋಗೋರೇ ಹೆಚ್ಚು. ಹತ್ತಕ್ಕೆ ಬಂದರೆ ಅವತ್ತಿನ ಕೂಲಿ ಹೋಯಿತು. ಅದು ಹೋದರೂ ಪರವಾಗಿಲ್ಲ ಅಂತ ಮಗುವಿಗಾಗಿ ಬಂದಿರ್ತಾರೆ. ಸ್ವಾಗತ, ಭಾಷಣ, ವಂದನೆ ಅಂತ ಅರ್ಧ ದಿನ ಆದ ಮೇಲೆ "ನನ್ನ ಮಗ ಹೆಂಗೆ ಓದ್ತಾನೆ ಸಾರ್" ಅಂತ ಕೇಳೋಕೆ ಅವರಿಗೆ ಹೊತ್ತು ಸಿಗಲ್ಲ. ಭಾಷಣ ಗಿಡ್ಡ ಆಗಲಿ, ಆ ಒಂದು ಪ್ರಶ್ನೆಗೆ ಉದ್ದ ಹೊತ್ತು ಸಿಗಲಿ. ವಾಚನಾಲಯದ ಹುಡುಗರಿಗೂ ಇದೇ ಮಾತು. ಸಭೆ ಕರೆಯೋ ಮುಂಚೆ ಬೋರ್ಡಿನ ಮೇಲೆ ಎರಡು ಸಾಲು ಬರೀರಿ. ಯಾತಕ್ಕೆ, ಎಷ್ಟು ಹೊತ್ತು. ಕೊನೇ ಹತ್ತು ನಿಮಿಷ ಮಾತಾಡದೆ ಕೂತವರಿಗೆ ಅಂತ ಇಡಿ. ನಾನು ಜಾಸ್ತಿ ಮಾತಾಡಿದರೆ ನನ್ನನ್ನೂ ಕೂರಿಸಿ. ಬೇಜಾರು ಮಾಡ್ಕೊಳ್ಳಲ್ಲ.

ನಮ್ಮ ಮನೆಯವಳು ಈಗ ಕೋಲು ಹಿಡಿದು ಹಿತ್ತಲ ತನಕ ಓಡಾಡ್ತಾಳೆ. ಚಪ್ಪಡಿ ಕಿತ್ತು ಒರಟು ಕಲ್ಲು ಹಾಕಿಸಿದೀನಿ. ಮೂರು ಗಂಟೆಗೆ ಹತ್ತು ನಿಮಿಷ ಇದೆ ಅನ್ನುವಾಗ ಅವಳು ಫೋನ್ ಹತ್ತಿರ ಇಟ್ಟುಕೊಂಡು ಕೂರ್ತಾಳೆ. ಕೆಲವು ದಿನ ಮಗಳ ಫೋನ್ ಬರುತ್ತೆ, ಕೆಲವು ದಿನ ಬರಲ್ಲ. ಬಂದರೆ ಮಾತು ಏನೂ ದೊಡ್ಡದಲ್ಲ. ಊಟ ಆಯ್ತಾ, ಮಾತ್ರೆ ತಗೊಂಡ್ಯಾ, ಹಸು ಎಷ್ಟು ಹಾಲು ಕೊಡ್ತು. ಹತ್ತು ನಿಮಿಷ ಧಾರಾಳ ಸಾಕು.

ನನ್ನ ಮೋಟರಿನ ಆಟೋ ಸ್ಟಾರ್ಟರ್ ಮಾತ್ರ ಇನ್ನೂ ಹಾಗೇ ಇದೆ. ಇಷ್ಟೆಲ್ಲಾ ಬರೆದ ಮೇಲೆ ಅದನ್ನ ತೆಗೆಸಬೇಕು.